ಮೂರು ಸಾವಿರ ಮಂದಿಯ ನುಚ್ಚು

ನಮ್ಮೂರಲ್ಲಿ ಬರೆದದ್ದು ನಿಲ್ಲುವುದಿಲ್ಲ. ಇದ್ದಿಲಿನಿಂದ ಗೋಡೆಯ ಮೇಲೆ ಬರೆಯಿರಿ, ಮಸಿಯಿಂದ ಕಾಗದದ ಮೇಲೆ ಬರೆಯಿರಿ, ಉಳಿ ಹಿಡಿದು ಕಲ್ಲಿನ ಮೇಲೆ ಬೇಕಾದರೂ ಕೊರೆಯಿರಿ, ಮರುದಿನ ಹೊತ್ತು ಮೂಡುವಷ್ಟರಲ್ಲಿ ಎಲ್ಲ ತೊಳೆದಿಟ್ಟ ತಾಟಿನ ಹಾಗೆ ಆಗಿರುತ್ತದೆ. ಇದರಿಂದ ನಮಗೇನೂ ತೊಂದರೆಯಿಲ್ಲ. ಹೊರಗಿನಿಂದ ಬಂದವರು ನಾಲ್ಕು ದಿನ ಗಾಬರಿಯಾಗುತ್ತಾರೆ, ತಲೆ ಕೆರೆದುಕೊಳ್ಳುತ್ತಾರೆ, ಆಮೇಲೆ ಸುಮ್ಮನೆ ನಮ್ಮ ಜೊತೆ ಕೂತು ದಂಡಿನ ಪದ ಕಲಿಯುತ್ತಾರೆ.

ದಂಡಿನ ಪದ ಅಂದರೆ ಯುದ್ಧದ ಹಾಡು. ಯಾವುದೋ ಕಾಲದಲ್ಲಿ ಮೂರು ಸಾವಿರ ಮಂದಿಯ ದಂಡೊಂದು ಯಾವುದೋ ಕೋಟೆಯ ಮುಂದೆ ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೂತ ಕಥೆ. ನಮ್ಮಲ್ಲಿ ಯುದ್ಧ ಕಂಡವರು ಒಬ್ಬರೂ ಇರಲಿಲ್ಲ. ಆದರೆ ಮನೆಮಠ ಬಿಟ್ಟು ಹನ್ನೆರಡು ವರ್ಷ ಕೂತ ಜನ ಬರೀ ಬಡಿದಾಡುತ್ತ ಕೂಡುತ್ತಾರೆಯೇ? ಉಣ್ಣಬೇಕು, ಮುರಿದದ್ದನ್ನು ಕಟ್ಟಬೇಕು, ಮಳೆಗೆ ಸೂರು ಮಾಡಿಕೊಳ್ಳಬೇಕು, ಜಗಳವಾದರೆ ಬಿಡಿಸಬೇಕು, ಸತ್ತವರನ್ನು ಮಣ್ಣು ಮಾಡಬೇಕು. ಅದೆಲ್ಲ ಆ ಹಾಡಿನಲ್ಲಿದೆ, ಅಳತೆ ಸಮೇತ. ನಮ್ಮ ಬಡಿಗ ಎತ್ತಿನ ಬಂಡಿಗೆ ಗಾಲಿ ಕೂಡಿಸುವುದು ರಣರಂಗದಲ್ಲಿ ರಥ ಮುರಿದ ನುಡಿ ಹಾಡಿಕೊಂಡು. ಗಂಡಹೆಂಡತಿ ಮಾತು ಬಿಟ್ಟರೆ ಓಣಿಯ ಹಿರಿಯರು ಅವರ ಪಡಸಾಲೆಯಲ್ಲಿ ಕೂತು, ಮುನಿಸಿಕೊಂಡ ಸರದಾರನ ಡೇರೆಗೆ ಗೆಳೆಯರು ಸಂಧಾನಕ್ಕೆ ಹೋದ ನುಡಿ ಶುರುಮಾಡುತ್ತಾರೆ. ಅದು ನೂರಾ ನಲವತ್ತು ಸಾಲಿದೆ. ನೂರು ದಾಟುವಷ್ಟರಲ್ಲಿ ಇಬ್ಬರಲ್ಲಿ ಒಬ್ಬರು ಬೇಸತ್ತು ಮಾತಾಡಿಬಿಡುತ್ತಾರೆ.

ಇಡೀ ಹಾಡು ಯಾರಿಗೂ ಬರುವುದಿಲ್ಲ. ಒಂದೊಂದು ಮನೆಗೆ ಒಂದೊಂದು ನುಡಿ, ಆ ನುಡಿಯ ಕೆಲಸವೂ ಆ ಮನೆಯದೇ. ದುರಗಪ್ಪಜ್ಜನದು ಗಾಯದ ನುಡಿ. ಎದೆಗೆ ನೆಟ್ಟ ಬಾಣ ಕೀಳುವ ಅರವತ್ತು ಸಾಲನ್ನು ಅವನು ಐವತ್ತು ವರ್ಷದಿಂದ ಜನರ ಕಾಲಿನ ಜಾಲಿಮುಳ್ಳು ಕೀಳುವಾಗ ಹಾಡುತ್ತ ಬಂದಿದ್ದ. ನನ್ನ ಗಂಡನ ಮನೆಯದು ಹಂಚಿಕೆಯ ನುಡಿ. ಮದುವೆಯಿರಲಿ, ತಿಥಿಯಿರಲಿ, ನೂರು ಮಂದಿ ಉಣ್ಣುವ ಕಡೆ ಹಂಚುವ ಸೌಟು ನಮ್ಮ ಮನೆಯ ಹೆಂಗಸಿನ ಕೈಯಲ್ಲೇ ಇರಬೇಕು. ಆ ಸೌಟು ನನ್ನ ಅತ್ತೆ ಫಕೀರವ್ವನ ಕೈಯಿಂದ ನನ್ನ ಕೈಗೆ ಬಂದು ಎಂಟೇ ತಿಂಗಳಲ್ಲಿ ಮತ್ತೆ ಅವಳ ಕೈಗೆ ಹೋಯಿತು. ಅದನ್ನು ಹೇಳಿಕೊಳ್ಳಲು ಈಗಲೂ ನನಗೆ ನಾಚಿಕೆ, ಆದರೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಹಾಡಿನಲ್ಲಿ ಆ ದಂಡಿಗೆ ದೊಡ್ಡ ಪೆಟ್ಟು ಬೀಳುವುದು ವೈರಿಗಳಿಂದಲ್ಲ, ಮೂರನೆಯ ವರ್ಷದ ಒಂದು ಊಟದಿಂದ. ದಂಡಿನ ಒಡೆಯ ಮೊದಲು ಬಡಿಸಿಕೊಂಡ, ಎರಡನೆಯ ಸರದಾರನಿಗೆ ಕಡಿಮೆ ಬಿತ್ತು, ಮಾತಿಗೆ ಮಾತು ಬೆಳೆದು ಒಂದೇ ಮಧ್ಯಾಹ್ನದಲ್ಲಿ ನಾನೂರು ಮಂದಿ ತಮ್ಮವರ ಕೈಯಲ್ಲೇ ಸತ್ತರು. ಆಮೇಲೆ ಕಟ್ಟಿದ ನುಡಿ ನಮ್ಮ ಮನೆಯದು:

"ಗಾಯದವಗೆ ಮೊದಲ ಸೌಟು, ಕಾವಲಿನವಗೆ ಎರಡು, ಕುದುರೆ ನೋಡುವವಗೆ ಮೂರು, ಆಮೇಲುಳಿದ ದಂಡು, ಕಡೆಗೆ ದಂಡಿನೊಡೆಯ ಬಂದು ತಳದ್ದೆತ್ತಿ ಉಣಲಿ, ಒಡೆಯನುಂಬ ತನಕ ಯಾರೂ ತುತ್ತು ಮುಟ್ಟದಿರಲಿ. ಬಡಿಸುವ ಕೈ ಸೌಟ ನೋಡಲಿ, ಉಂಬ ಮೊಗವನಲ್ಲ."

ನಾನು ಮೊಗ ನೋಡಿದೆ. ಹೋದ ವರ್ಷದ ಒಂದು ಮದುವೆಯಲ್ಲಿ ಊರ ಗೌಡರು ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದರು. ಹಸಿವಿಗೋ ಹಲ್ಲುನೋವಿಗೋ ದೇವರಿಗೇ ಗೊತ್ತು. ನನ್ನ ಎದೆ ಧಸಕ್ಕೆಂದು ಮೊದಲ ಸೌಟು ಅವರಿಗೇ ಹಾಕಿಬಿಟ್ಟೆ. ಅವರಿಗೆ ಮೊದಲಾದರೆ ನಮಗ್ಯಾಕೆ ಕಡೆಗೆ ಎಂದು ಬೀಗರು ಎಲೆ ಬಿಟ್ಟು ಎದ್ದರು. ಮದುವೆ ಮುರಿಯುವುದೊಂದು ಬಾಕಿ ಉಳಿಯಿತು. ಅತ್ತೆ ಒಂದು ಮಾತೂ ಬೈಯದೆ ನನ್ನ ಕೈಯಿಂದ ಸೌಟು ತೆಗೆದುಕೊಂಡಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಂದಿನಿಂದ ಒಂದು ವರ್ಷ ಬರೀ ಕೊಪ್ಪರಿಗೆ ತಿಕ್ಕಿದೆ.

ಸುಗ್ಗಿ ಮುಗಿದು ನೆಲದೊಳಗಿನ ಜೋಳದ ಹಗೇವು ತುಂಬಿದ ದಿನಗಳಲ್ಲಿ ನಿಜವಾದ ದಂಡು ಬಂತು. ಹಳ್ಳದ ಆಚೆ ದಂಡೆಗೆ ಡೇರೆ ಹೊಡೆದು ಮೂರು ದಿನ ಕೂತಿತು. ಊರಿಗೆ ಊರೇ ಏರಿಯ ಮೇಲೆ ನಿಂತು ಜಾತ್ರೆ ನೋಡುವ ಹಾಗೆ ನೋಡಿತು. "ನೋಡ್ರೋ, ಡೇರೆ ಗೂಟಾ ಹಾಡನ್ಯಾಗ ಇದ್ದಂಗ ಓರಿ ಮಾಡಿ, ಬಗ್ಗಿಸೇ ಬಡದಾರ," ಎಂದು ನಮ್ಮ ಬಡಿಗ ಖುಷಿಪಟ್ಟ. ಒಬ್ಬರಿಗಾದರೂ ಹೆದರಿಕೆ ಬೇಡವೇ? ಇಷ್ಟು ವರ್ಷ ಯಾರ ಹಾಡು ಹಾಡಿ ಹೊಟ್ಟೆ ಹೊರೆದೆವೋ ಅವರೇ ಬಂದಿದ್ದಾರೆ ಅನ್ನುವ ಹಾಗಿತ್ತು ನಮ್ಮವರ ಮುಖ.

ನಾಲ್ಕನೆಯ ದಿನ ಬೆಳಿಗ್ಗೆ ಅವರ ದೂತ ಬಂದ. ಕುದುರೆ ಇಳಿದು, ಗಂಟಲು ಸರಿಮಾಡಿಕೊಂಡು, ಕಾಗದ ಬಿಚ್ಚಿದ. ಕಾಗದ ಖಾಲಿ. ಹಿಂದೆ ಮುಂದೆ ತಿರುಗಿಸಿ ನೋಡಿದ.

"ನೆನ್ನೆ ಸಾಯಂಕಾಲ ನಾನೇ ಬರೆದದ್ದು ಕಣ್ರೀ ಇದು," ಎಂದ. ದನಿ ಅಳುವ ಹಾಗಿತ್ತು.

"ಇರ್ಲಿ ಬಿಡಪಾ. ಬಾಯಿಲೇ ಹೇಳು," ಎಂದ ದುರಗಪ್ಪಜ್ಜ.

"ನಮ್ಮ ದಳವಾಯಿ ಸೋಮರಸರ ಅಪ್ಪಣೆ. ಊರನ್ನ ಒಪ್ಪಿಸಿ, ಕಣಜ ತೆಗೀರಿ. ಇಲ್ದಿದ್ರೆ ಸಂಜೆಯೊಳಗೆ ಬೆಂಕಿ ಇಡ್ತೀವಿ."

ಈಗಲಾದರೂ ಜನ ಹೆದರಿಯಾರು ಎಂದುಕೊಂಡೆ. ಆದರೆ ದುರಗಪ್ಪಜ್ಜ ಕೇಳಿದ್ದೇ ಬೇರೆ: "ನೀವು ಎಷ್ಟ ಮಂದಿ ಅದೀರಿ?"

"ಎರಡು ಸಾವಿರದ ಎಂಟುನೂರು."

ಗುಂಪಿನಲ್ಲಿ ದೊಡ್ಡ ನಿಟ್ಟುಸಿರೊಂದು ಎದ್ದಿತು. ಹೆಂಗಸರಂತೂ ಬಾಯಿಬಿಟ್ಟೇ ಅಂದರು, "ಬರೋಬ್ಬರಿ ಮೂರ ಸಾವಿರ ಇಲ್ಲೇನ?"

ನಗಬೇಡಿ. ನಮ್ಮೂರ ಹೆಂಗಸರು ಅಡುಗೆಗೆ ಹಾಡುವ ನುಚ್ಚಿನ ನುಡಿ ಇರುವುದೇ ಮೂರು ಸಾವಿರ ಮಂದಿಯ ಲೆಕ್ಕಕ್ಕೆ: ಮೂವತ್ತು ಕೊಪ್ಪರಿಗೆ, ಕೊಪ್ಪರಿಗೆಗೆ ನೂರು ಮಂದಿ. ಅಜ್ಜಮುತ್ತಜ್ಜರ ಕಾಲದಿಂದ ನಾವು ಅದನ್ನು ಮುರಿದು, ಹರಿದು, ಇಪ್ಪತ್ತರಲ್ಲೊಂದು ಪಾಲು ಮಾಡಿ ಅಡುಗೆ ಮಾಡುತ್ತ ಬಂದವರು. ಹಾಡಿನಲ್ಲಿದೆ ಎಂದು ಮೂವತ್ತು ಕೊಪ್ಪರಿಗೆ ಮಾಡಿಸಿಟ್ಟಿದ್ದೆವು. ದೊಡ್ಡ ಮದುವೆಗೂ ನಾಲ್ಕರ ಮೇಲೆ ಬೇಕಾಗುತ್ತಿರಲಿಲ್ಲ. ಉಳಿದವುಗಳಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು.

"ಮೂರು ಸಾವಿರವೇ ಹೊರಟಿದ್ವು ಅಮ್ಮಾ," ಎಂದ ದೂತ. ಅವನ ದನಿ ಇಳಿಯಿತು. "ದಾರೀಲಿ ಇನ್ನೂರು ಜನ ಹೋಗಿಬಿಟ್ರು."

ಕುಂಬಾರರ ಹಿರಿಯ ಸೊಸೆ ಮೆಲ್ಲಗೆ ಹೇಳಿದಳು, "ಆ ಇನ್ನೂರ ಮಂದಿ ಜಾಗಾಕ್ಕ ನಾವು ಕೂಡ್ರತೀವಿ ಬಿಡ್ರಿ." ಎಲ್ಲರೂ ತಲೆಯಾಡಿಸಿದರು. ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇನು.

ಆದರೆ ನಾನು ದೂತನ ಕೈ ನೋಡುತ್ತಿದ್ದೆ. ಖಾಲಿ ಕಾಗದ ಹಿಡಿದ ಕೈಯಲ್ಲೇ ಮತ್ತೆ ಮತ್ತೆ ನಡುಪಟ್ಟಿ ಬಿಗಿದುಕೊಳ್ಳುತ್ತಿದ್ದ. ಪಕ್ಕಕ್ಕೆ ಕರೆದು ಒಂದು ಚೆಂಬು ಮಜ್ಜಿಗೆ ಕೊಟ್ಟು ಕೇಳಿದೆ. ಒಂದೇ ಗುಟುಕಿಗೆ ಕುಡಿದು ಎಲ್ಲ ಹೇಳಿಬಿಟ್ಟ. ಹಳ್ಳದ ದಂಡೆಗೆ ಬಂದ ಮರುದಿನವೇ ಅವರ ಪಡಿಯ ಪಟ್ಟಿ ಖಾಲಿಯಾಗಿತ್ತು. ಯಾವ ತುಕಡಿಗೆ ಎಷ್ಟು ಜೋಳ, ಯಾರದು ಯಾವ ಬಂಡಿ, ಒಂದೂ ಯಾರಿಗೂ ನೆನಪಿಲ್ಲ. ದಳವಾಯಿ ಸೋಮರಸ ತನ್ನವರಿಗೆ ಮೊದಲು ಎಂದ. ಬಿಲ್ಲುಗಾರರ ಸರದಾರ ಬಿಲ್ಲಯ್ಯ ಹಾಗಾದರೆ ಬಂಡಿಯ ಬೀಗ ತೆಗೆಯಲು ಬಿಡುವುದಿಲ್ಲ ಎಂದ. ಧಾನ್ಯದ ಬಂಡಿಗಳ ಸುತ್ತ ಎರಡೂ ಕಡೆಯವರು ಕತ್ತಿಯ ಮೇಲೆ ಕೈ ಇಟ್ಟುಕೊಂಡು ಎರಡು ದಿನದಿಂದ ನಿಂತೇ ಇದ್ದಾರೆ, ಒಬ್ಬರ ಹೊಟ್ಟೆಗೂ ಏನೂ ಬಿದ್ದಿಲ್ಲ. ಊರು ದೋಚಿದರೆ ಎಲ್ಲರಿಗೂ ಸಿಕ್ಕೀತು, ತಮ್ಮತಮ್ಮಲ್ಲೇ ಕಡಿದಾಡುವುದು ತಪ್ಪೀತು ಎಂದು ದಳವಾಯಿಯ ಎಣಿಕೆ.

ಮನೆಗೆ ಓಡಿ ಅತ್ತೆಗೆ ಹೇಳಿದೆ. ಫಕೀರವ್ವ ಕಟ್ಟೆಯ ಮೇಲೆ ಕೂತು ಬಲಭುಜಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಆ ಕೈ ತಲೆಯ ಮಟ್ಟಕ್ಕೆ ಏಳುವುದು ನಿಂತು ತಿಂಗಳಾಗಿತ್ತು.

"ಇದು ನಮ್ಮ ನುಡೀನ ಅಲ್ಲೇನ," ಎಂದಳು. "ಮೂರನೇ ವರ್ಷದ ಊಟ. ನಮ್ಮ ಮ್ಯಾಲೆ ಏರಿ ಬಂದವರಲ್ಲವ್ವಾ ಇವರು, ಹಸದು ಬಂದವರು." ಗೂಡಿಗೆ ಎಡಗೈ ಹಾಕಿ ಸೌಟು ತೆಗೆದು ನನ್ನ ಮುಂದೆ ಹಿಡಿದಳು.

"ನನ್ನ ಕೈಲಿ ಆಗಂಗಿಲ್ರಿ ಅತ್ತೀ," ಎಂದೆ.

"ಹೋದ ಸಲ ಮಖಾ ನೋಡಿ ಮದವಿ ಕೆಡಿಸಿದಿ. ಈ ಸಲ ನೋಡಿದಿ ಅಂದ್ರ ಊರ ಸುಡತೈತಿ. ಅಷ್ಟ ನೆನಪಿಟ್ಟಕೋ," ಎಂದಳು ಅತ್ತೆ, ಉಪ್ಪು ತರಲು ಹೇಳಿದಷ್ಟೇ ಸಲೀಸಾಗಿ.

ಅಂದು ನಮ್ಮೂರಲ್ಲಿ ಎದ್ದ ಗದ್ದಲವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಹಗೇವು ತೆರೆದರು. ಕೋಳಿಗಳನ್ನು ಎಬ್ಬಿಸಿ ಓಡಿಸಿ ಕೊಪ್ಪರಿಗೆ ಉರುಳಿಸಿಕೊಂಡು ಹಳ್ಳದ ದಂಡೆಗೆ ತಂದರು. ಮೂವತ್ತು ಒಲೆ, ಮೂವತ್ತು ಕೊಪ್ಪರಿಗೆ ನುಚ್ಚು. ಒಲೆಯ ಮುಂದೆ ನಿಂತ ಹೆಂಗಸರು ಆ ನುಡಿಯನ್ನು ಮೊದಲ ಸಲ ಮುರಿಯದೆ, ಭಾಗಿಸದೆ, ಇದ್ದದ್ದು ಇದ್ದ ಹಾಗೆ ಗಂಟಲು ಬಿಟ್ಟು ಹಾಡಿದರು. ಕುಂಬಾರರ ಸೊಸೆ ನಡುನಡುವೆ ನಗುತ್ತಿದ್ದಳು, ಅಳುತ್ತಲೂ ಇದ್ದಳು. ಆಚೆ ದಂಡೆಯ ಸೈನಿಕರು ಕತ್ತಿಯ ಮೇಲಿನ ಕೈ ತೆಗೆಯದೆ ಮೂಗು ಮಾತ್ರ ಮುಂದೆ ಚಾಚಿ ನಿಂತಿದ್ದರು. ಹಸಿದ ಮನುಷ್ಯನಿಗೆ ನುಚ್ಚು ಬೇಯುವ ವಾಸನೆ ಬಂದರೆ ಅವನು ಯಾರ ಕಡೆಯವನು ಎಂಬುದು ಅವನಿಗೇ ಮರೆತುಹೋಗುತ್ತದೆ.

ದುರಗಪ್ಪಜ್ಜ ಯಾರನ್ನೂ ಕೇಳದೆ ಹಳ್ಳ ದಾಟಿ ಹೋಗಿ ಗಾಯಾಳುಗಳ ಡೇರೆ ಹೊಕ್ಕಿದ್ದ. ಅಲ್ಲೊಬ್ಬನ ಭುಜದಲ್ಲಿ ಬಾಣದ ಮೊನೆ ಎಂಟು ದಿನದಿಂದ ಕೂತಿತ್ತಂತೆ. ಅರವತ್ತು ಸಾಲು ಮುಗಿಯುವಷ್ಟರಲ್ಲಿ ಮೊನೆ ಹೊರಗೆ. ಅಜ್ಜ ಅದನ್ನು ಎತ್ತಿ ಹಿಡಿದು ಡೇರೆಯಿಂದ ಹೊರಗೆ ಬಂದ. "ಬಂತ ನೋಡ್ರೋ! ಹಾಡನ್ಯಾಗ ಹೇಳಿದಂಗ, ಓರಿಯಾಗಿ ತಿರುವಿದ್ರ ತಾನ ಬಂತು!" ಎಂದು ಕೂಗಿದ. ಎಂಬತ್ತು ವರ್ಷದ ಮುದುಕ ಎಳೆಮಗುವಿನಂತೆ ಕುಣಿದ. ಗಾಯಾಳು ನೋವು ಮರೆತು ಅವನನ್ನೇ ನೋಡುತ್ತಿದ್ದ.

ನುಚ್ಚು ಬೆಂದ ಮೇಲೆ ದೂತನೇ ಹೋಗಿ ಕರೆದ, ದಂಡು ಹಳ್ಳ ದಾಟಿ ಈಚೆಯ ಬಯಲಿಗೆ ಬಂತು. ಊಟಕ್ಕೆ ಕೂಡಿಸುವ ಹೊಣೆ ನನ್ನದು. ನಮ್ಮ ನುಡಿಯಲ್ಲಿ ಅದಕ್ಕೂ ಒಂದು ಸಾಲಿದೆ: ಒಬ್ಬನ ಮಗ್ಗುಲಿಗೆ ಅವನ ಪೈಕಿಯವನಲ್ಲದವನನ್ನು ಕೂಡಿಸು. ದಳವಾಯಿಯ ಕಡೆಯವನೊಬ್ಬ, ಬಿಲ್ಲಯ್ಯನ ಕಡೆಯವನೊಬ್ಬ, ಅಲ್ಲಲ್ಲಿ ಹದಿನಾಲ್ಕು ಹದಿನೈದು ಜನಕ್ಕೆ ನಮ್ಮೂರಿನವರೊಬ್ಬರು. ಮೊದಮೊದಲು ಗುರುಗುಟ್ಟಿದರು. ನಮ್ಮ ಮುದುಕಿಯರು ಅವರ ತೋಳು ಹಿಡಿದು, "ಕೂಡ್ರಪಾ, ಆ ಕತ್ತಿ ಹಿಂದ ಸರಿಸಿಕೋ, ನನ್ನ ಸೀರಿ ಹರದೀತು," ಎಂದು ಗದರಿಸಿ ಕೂಡಿಸಿದರು. ಎರಡು ದಿನ ಉಪವಾಸವಿದ್ದವನಿಗೆ ಮುದುಕಿಯ ಜೊತೆ ವಾದ ಮಾಡುವ ತ್ರಾಣ ಎಲ್ಲಿರುತ್ತದೆ? ತಟ್ಟೆ ಇಲ್ಲದವರು ಗುರಾಣಿ ಮಗುಚಿ ಮುಂದಿಟ್ಟುಕೊಂಡರು.

ಮೊದಲ ಕೊಪ್ಪರಿಗೆ ನನ್ನದು. ಅಲ್ಲಿ ರತ್ನಗಂಬಳಿಯ ಮೇಲೆ ದಳವಾಯಿ ಸೋಮರಸ ಕೂತಿದ್ದ, ಎದುರಿಗೆ ಬಿಲ್ಲಯ್ಯ. ಉಳಿದ ಇಪ್ಪತ್ತೊಂಬತ್ತು ಸೌಟಿನವರೂ ನನ್ನ ಕೈಯನ್ನೇ ನೋಡುತ್ತಿದ್ದರು. ಸೋಮರಸ ಬೆಳ್ಳಿಯ ತಾಟು ಮುಂದೆ ಹಿಡಿದ. ನಾನು ಸೌಟಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವನನ್ನು ದಾಟಿ ಹೋಗಿ, ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ಬಂದು ಕೂತಿದ್ದ ಗಾಯಾಳುವಿನ ಗುರಾಣಿಗೆ ಮೊದಲ ಸೌಟು ಹಾಕಿದೆ.

ಸಾಲಿನಲ್ಲಿ ಉಸಿರು ಎಳೆದುಕೊಂಡ ಸದ್ದು ಕೇಳಿಸಿತು. ಬಿಲ್ಲಯ್ಯ ಗಹಗಹಿಸಿ ನಕ್ಕು ತನ್ನ ತಾಟು ಹಿಡಿದ. ಅವನನ್ನೂ ದಾಟಿದೆ. ಆ ನಗೆ ಅಲ್ಲೇ ನಿಂತಿತು. ಕಾವಲಿನವರಿಗೆ ಹಾಕಿದೆ, ಕುದುರೆ ನೋಡುವವರಿಗೆ ಹಾಕಿದೆ, ಆಮೇಲೆ ಒಬ್ಬೊಬ್ಬರಿಗೂ ಹಾಕುತ್ತ ಹೋದೆ. ನನ್ನ ಹಿಂದೆ ಇಪ್ಪತ್ತೊಂಬತ್ತು ಕಡೆ ಸೌಟುಗಳು ಒಟ್ಟಿಗೇ ಏಳುತ್ತಿದ್ದವು, ಒಟ್ಟಿಗೇ ಇಳಿಯುತ್ತಿದ್ದವು. ನಮ್ಮವರು ಮುಂದಿದ್ದ ನುಚ್ಚನ್ನು ಮುಟ್ಟಲಿಲ್ಲ. ಮುಟ್ಟಲು ಹೋದ ಸೈನಿಕರ ಕೈಯನ್ನು ಪಕ್ಕದ ಮುದುಕಿಯರು ಚಟ್ಟನೆ ಬಡಿದು, "ಕಡೀ ತಾಟಿಗೆ ಬೀಳೂತನಕ ತಡಿಯೋ," ಎಂದರು. ಕಡೆಯಿಂದ ಎರಡನೆಯದಾಗಿ ಬಿಲ್ಲಯ್ಯನಿಗೆ ಹಾಕಿದೆ.

ಕೊಪ್ಪರಿಗೆ ಬರಿದಾಗಿತ್ತು. ತಳ ಕೆರೆದೆ. ಆ ಕರಕರ ಸದ್ದು ಇಡೀ ಬಯಲಿಗೆ ಕೇಳಿಸಿತು. ತಳ ಹಿಡಿದು ಕಪ್ಪಾದ ಹಕ್ಕಳೆಯನ್ನು ಎತ್ತಿ ದಳವಾಯಿಯ ಬೆಳ್ಳಿ ತಾಟಿಗೆ ಹಾಕಿದೆ.

ಅವನು ಎದ್ದು ನಿಂತ. ಕತ್ತಿ ಒರೆಯಲ್ಲಿ ಅಲುಗಿತು. "ಇದೇನು? ದಳವಾಯಿಗೆ ಸೀದದ್ದನ್ನ ಬಡಿಸ್ತೀಯಾ?"

ತಲೆ ಎತ್ತಿ ಒಂದು ಸಲ ಅವನ ಮುಖ ನೋಡಿ ಕೈಮುಗಿದುಬಿಟ್ಟರೆ ಸಾಕು, ಏನಾದರೂ ದಾರಿ ಸಿಕ್ಕೀತು ಅನ್ನಿಸಿತು. ಅನ್ನಿಸಿದ್ದು ನಿಜ, ಸುಳ್ಳು ಹೇಳಲಾರೆ. ಆದರೆ ಕಣ್ಣನ್ನು ಸೌಟಿಗೇ ಅಂಟಿಸಿಕೊಂಡು ನುಡಿಯನ್ನು ಮೊದಲಿನಿಂದ ಕಡೆಯತನಕ ಹಾಡಿದೆ. ಹಾಡಿ ಮುಗಿಸಿ ಹೇಳಿದೆ:

"ಎಲ್ಲಾರ ಮುಂದೂ ನುಚ್ಚ ಐತ್ರಿ. ನೀವು ತುತ್ತ ಎತ್ತೂತನಕ ಯಾರೂ ಉಣ್ಣಂಗಿಲ್ಲ. ಒಂದ ಸಲ ನಿಮ್ಮ ಮಂದೀನ ನೋಡ್ರಿ."

ಅವನು ನೋಡಿದ. ನಾನು ನೋಡಲಿಲ್ಲ, ಆದರೆ ಏನು ಕಂಡಿತೆಂದು ನನಗೆ ಗೊತ್ತು. ಮೂರು ಸಾವಿರ ತಾಟು ಹೊಗೆಯಾಡುತ್ತಿದ್ದವು, ಮೂರು ಸಾವಿರ ಮುಖ ಅವನ ಕಡೆ ತಿರುಗಿದ್ದವು, ಯಾರ ತಾಟಿನಲ್ಲಿ ಎಷ್ಟಿದೆ ಎಂದು ಎಲ್ಲರಿಗೂ ಕಾಣುತ್ತಿತ್ತು, ಎಲ್ಲಕ್ಕಿಂತ ಕಡಿಮೆ ಇದ್ದದ್ದು ಅವನದರಲ್ಲೇ. ಆಮೇಲೆ ಗಂಬಳಿಯ ಮೇಲೆ ಮನುಷ್ಯ ಕೂತ ಸದ್ದಾಯಿತು. ಆಮೇಲೆ ಹಕ್ಕಳೆ ಮುರಿದ ಸದ್ದು, ಕಟುಮ್ಮೆಂದು.

ಒಮ್ಮೆಗೇ ಮೂರು ಸಾವಿರ ಕೈ ಬಾಯಿಗೆ ಹೋದವು. ಯುದ್ಧದ ಭೇರಿಯ ಸದ್ದನ್ನು ಹಾಡಿನಲ್ಲಿ ಎಷ್ಟೋ ಕೇಳಿದ್ದೇನೆ, ಆದರೆ ಮೂರು ಸಾವಿರ ಮಂದಿ ಒಟ್ಟಿಗೇ ಉಣ್ಣುವ ಸದ್ದಿನ ಮುಂದೆ ಅದು ಯಾವ ಲೆಕ್ಕ? ನನಗೆ ಕುಣಿಯಬೇಕೆನಿಸಿತು. ಬಿಲ್ಲಯ್ಯ ಮುಂದಕ್ಕೆ ಬಾಗಿ ದಳವಾಯಿಯ ತಾಟಿನಿಂದ ಒಂದು ಚೂರು ಹಕ್ಕಳೆ ಮುರಿದುಕೊಂಡ, ತನ್ನ ನುಚ್ಚಿನಲ್ಲಿ ಅರ್ಧ ಅವನ ತಾಟಿಗೆ ಸುರಿದ. "ಬುದ್ಧೀ, ಸೀದದ್ದೇ ರುಚಿಯಾಗಿದೆ," ಎಂದ. ಸೋಮರಸ ತಾಟನ್ನು ಇಬ್ಬರ ನಡುವೆ ಇಟ್ಟ. ಅತ್ತೆ ದೂರದ ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಉಂಡಾದ ಮೇಲೆ ಸೌಟು ತಿರುಗಿ ಕೊಡಲು ಹೋದರೆ ಎಡಗೈ ಬೀಸಿ, "ನಿನ್ನ ಸೌಟು ನನಗ್ಯಾಕ?" ಎಂದಳು. ಅಷ್ಟು ಸಾಕಾಯಿತು ನನಗೆ.

ಇಳಿಹೊತ್ತಿನಲ್ಲಿ ದಳವಾಯಿ ನಮ್ಮ ಹಿರಿಯರ ನಡುವೆ ಕೂತು ಮಾತಾಡಿದ. "ಈ ಹಾಡು ನಮ್ಮ ಅರಮನೇಲೂ ಹಾಡ್ತಾರೆ," ಎಂದ. "ಪೀತಾಂಬರ ಉಟ್ಟೋರು ಬಂದು ಹಾಡ್ತಾರೆ. ಬರೀ ಕಡಿದದ್ದು, ಇರಿದದ್ದು, ಆನೆ ಉರುಳಿದ್ದು. ಅದರಲ್ಲಿ ನುಚ್ಚು ಇದೆ ಅಂತ ನನಗೆ ಗೊತ್ತೇ ಇರಲಿಲ್ಲ." ಆಮೇಲೆ ಕೇಳಿದ, "ಕೊನೆಗೆ ಗೆದ್ದದ್ದು ಯಾರು? ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳ್ತಾರೆ. ನಿಮ್ಮಲ್ಲಿ ಪೂರ್ತಿ ಇರಬೇಕಲ್ಲ?"

ನಾವು ಮುಖ ಮುಖ ನೋಡಿಕೊಂಡೆವು. ಬಡಿಗ ಕುಂಬಾರರ ಕಡೆ ನೋಡಿದ, ಕುಂಬಾರರು ದುರಗಪ್ಪಜ್ಜನ ಕಡೆ, ಅಜ್ಜ ಸೂಲಗಿತ್ತಿಯ ಕಡೆ. ಯಾರ ಮನೆಯಲ್ಲೂ ಆ ನುಡಿ ಇರಲಿಲ್ಲ. ಕಡೆಗೆ ಅತ್ತೆಯೇ ಹೇಳಿದಳು:

"ಅದು ಯಾವ ಕೆಲಸಕ್ಕೂ ಬರಂಗಿಲ್ಲಲ್ಲೋ ಯಪ್ಪಾ. ಹಂಗಾಗಿ ಯಾರೂ ಇಟಗೊಳ್ಳಲಿಲ್ಲ."

ಸೋಮರಸ ಅವಳನ್ನು ನೆಟ್ಟಗೆ ನೋಡಿದ. ಅವನ ಹೊಟ್ಟೆಯೊಳಗೆಲ್ಲೋ ನಗು ಹುಟ್ಟಿ, ಎದೆಗೆ ಬಂದು, ಬಾಯಿ ಒಡೆದು ಹೊರಬಿತ್ತು. ಬಿಲ್ಲಯ್ಯನೂ ನಕ್ಕ. ನಗು ಸಾಲಿನಿಂದ ಸಾಲಿಗೆ ಹರಿದು ಹೋಗಿ, ಬಯಲಿನ ಕಡೆಯಲ್ಲಿದ್ದವರು ಯಾಕೆಂದು ತಿಳಿಯದೆಯೇ ನಕ್ಕರು.

ಮರುದಿನ ಬೆಳಿಗ್ಗೆ ಬಂಡಿಗಳ ಬೀಗ ತೆಗೆದರು. ಉಂಡ ನುಚ್ಚಿನಷ್ಟು ಜೋಳವನ್ನು ನಮ್ಮ ಹಗೇವಿಗೆ ತಾವೇ ಸುರಿದು, ಡೇರೆ ಕಿತ್ತು, ಬಂದ ದಾರಿಯನ್ನೇ ಹಿಡಿದರು. ನಾನು ಏರಿಯ ಮೇಲೆ ನಿಂತು ನೋಡಿದೆ. ಎರಡು ಸಾವಿರದ ಎಂಟುನೂರು ಗಂಡಸರು, ದಳವಾಯಿಯವರು ಬಿಲ್ಲಯ್ಯನವರು ಬೆರೆತುಕೊಂಡು, ಒಂದೇ ದನಿಯಲ್ಲಿ ನುಚ್ಚು ಕುದಿಸುವ ನುಡಿ ಹಾಡಿಕೊಂಡು ಹೋಗುತ್ತಿದ್ದರು. ಒಂದೇ ದಿನದಲ್ಲಿ ಎಷ್ಟು ಚೆನ್ನಾಗಿ ಕಲಿತಿದ್ದರು! ಎಂತೆಂಥ ಗಂಟಲುಗಳು! ಗುಡ್ಡಗಳು ತಿರುಗಿ ಹಾಡುತ್ತಿದ್ದವು. ಕೇಳುತ್ತ ಕೇಳುತ್ತ ನನ್ನ ಮೈ ಜುಮ್ಮೆಂದಿತು, ಆಮೇಲೆ ಕಿವಿ ನೆಟ್ಟಗಾಯಿತು. ಕೊಪ್ಪರಿಗೆಗೆ ಒಂದೂವರೆ ಸೇರು ಉಪ್ಪು ಎನ್ನುವ ಕಡೆ ಅವರು ಎರಡೂವರೆ ಎನ್ನುತ್ತಿದ್ದರು, ಎರಡು ಸಾವಿರದ ಎಂಟುನೂರು ಮಂದಿಯೂ.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಏರಿ ಇಳಿದೆ. "ಏ, ನಿಂದರ್ರೋ!" ಎಂದು ಕೂಗುತ್ತ ಆ ದಂಡಿನ ಬೆನ್ನು ಹತ್ತಿ ಓಡಿದೆ.